ಎಣ್ಣೆ ಊರಿನ ಮೂಗು

ಚಳ್ಳಕೆರೆಯವನು ಅಂದರೆ ಸಾಕು, ದುರ್ಗದವರು ನಗುತ್ತಾರೆ:
ಎಣ್ಣೆ ಊರು!
ನಗಲಿ. ಎರಡು ಅರ್ಥಕ್ಕೂ ಸಲ್ಲುತ್ತೇನೆ ಈಗ.

ಮೂವತ್ತೊಂದು ವರ್ಷ ಶೇಂಗಾ ಮಿಲ್ಲಿನಲ್ಲಿ
ನನ್ನದು ಮೂಗಿನ ಕೆಲಸ.
ಟಿನ್ನಿಗೆ ಬೆರಳದ್ದಿ, ಅಂಗೈಗೆ ಸವರಿ,
ಬಿಸಿ ಹತ್ತುವ ತನಕ ತಿಕ್ಕಿ, ಮೂಸಿ
ಹೇಳಬೇಕು: ಹೊಸ ಕಾಯಿ, ಹಳೆ ಕಾಯಿ,
ಮಳೆಗೆ ನೆಂದು ಬೂಷ್ಟು ಹಿಡಿದದ್ದು,
ಪಾಮೆಣ್ಣೆ ಬೆರೆಸಿ ಆಣೆ ಹಾಕಿ ತಂದದ್ದು.
ಸಾಹುಕಾರರು ಲ್ಯಾಬಿನ ರಿಪೋರ್ಟು ನೋಡುವ ಮೊದಲು
ನನ್ನ ಮುಖ ನೋಡುತ್ತಿದ್ದರು.

ಮಿಲ್ಲಿಗೆ ಬೀಗ ಬಿತ್ತು. ಮೂಗಿಗೆ ಬೀಳಲಿಲ್ಲ.

ಈ ಸಲ ಚೀಟಿ ಎತ್ತಿದ ದುಡ್ಡಿನಲ್ಲಿ
ನಾನು, ಲೈನ್‌ಮನ್ ನುಂಕಪ್ಪ, ಡ್ರಾಯಿಂಗ್ ಮೇಷ್ಟ್ರು ಪಾಲಯ್ಯ
ದುರ್ಗದ ಬಸ್ಸು ಹತ್ತಿ, ಚಳ್ಳಕೆರೆ ಗೇಟಿನ ಹತ್ತಿರ
ಏಸಿ ಹಾಕಿದ ಅಂಗಡಿಯಲ್ಲಿ
ಕೆಮ್ಮಿನ ಔಷಧಿಯಷ್ಟೇ ಎತ್ತರದ ಮೂರು ಸೀಸೆ ತಂದೆವು.
ಮೂರೂ ಸ್ಕಾಚು. ರುಚಿ ನೋಡಿ, ಒಪ್ಪಿದ್ದರದು ಮಾತ್ರ
ದೊಡ್ಡ ಬಾಟಲಿ ತರುವುದೆಂದು ಕರಾರು.
ಸ್ಯಾಂಪಲ್ ನೋಡದೆ ಲೋಡು ಇಳಿಸಿದವರಲ್ಲ ನಾವು.

ಲೋಟದ್ದೇ ಜಗಳ. ಸ್ಟೀಲು ಬೇಡ, ನಡುವೆ ಬಾಯಿ ಹಾಕುತ್ತೆ ಅಂದೆ.
ಬೋರಮ್ಮ ಅಟ್ಟದಿಂದ ಇಳಿಸಿ ಕೊಟ್ಟಳು
ಉಪ್ಪಿನಕಾಯಿ ಜೊತೆ ಪುಕ್ಕಟೆ ಬಂದಿದ್ದ ಗಾಜಿನವು,
ಹೊಟ್ಟೆ ದಪ್ಪ, ಕತ್ತು ಸಣ್ಣ.
"ಇವತ್ತು ತೊಳೆದಿದೀನಿ. ನಾಳೆ ನೀವೇ ತೊಳೀರಿ" ಅಂದು
ಶೇಂಗಾ ಹುರಿಯಲು ಒಳಗೆ ಹೋದಳು.

ಮೊದಲನೆಯದು ಜೇನು. ನಯ.
ಮದುವೆಗೆ ಮುಂಚಿನ ಬೀಗರ ಹಾಗೆ
ಎಲ್ಲಕ್ಕೂ ಹೂಂ ಅನ್ನುತ್ತೆ.
ನುಂಕಪ್ಪ ಒಂದೇ ಗುಟುಕಿಗೆ ಮುಗಿಸಿ "ಇದೇ" ಅಂದ.
ನುಂಕಪ್ಪನಿಗೆ ಕರೆಂಟು ಹರಿದರೆ ಸಾಕು,
ಯಾವ ತಂತಿ ಅಂತ ಕೇಳುವುದಿಲ್ಲ.

ಎರಡನೆಯದಕ್ಕೆ ಹದಿನೈದು ವರ್ಷ.
ಒಣದ್ರಾಕ್ಷಿ, ಹಳೆ ಬೀರುವಿನ ಮರ.
ಬಾಯೊಳಗೆ ಬಹಳ ಹೊತ್ತು ಕೂರುತ್ತೆ,
ಎದ್ದು ಹೋಗು ಅನ್ನಲು ಮನಸ್ಸಾಗದ ನೆಂಟ.
ಇದು ಮೇಷ್ಟ್ರದು. ಎಲ್ಲೋ ಓದಿದ್ದನ್ನು ಹೇಳಿದರು:
ಪೀಪಾಯಿಯಲ್ಲಿ ಇಟ್ಟಷ್ಟು ವರ್ಷ ಒಂದಿಷ್ಟು ಆವಿಯಾಗುತ್ತಂತೆ,
ಅಲ್ಲಿಯವರು ಅದಕ್ಕೆ ದೇವತೆಗಳ ಪಾಲು ಅಂತಾರಂತೆ.
ನಾನು ಗ್ಲಾಸು ಕೆಳಗಿಟ್ಟೆ.
ಗೋಡೌನಿನಲ್ಲಿ ಕಾಯಿ ಒಣಗಿ
ಕ್ವಿಂಟಾಲಿಗೆ ಎರಡು ಕೇಜಿ ಇಳಿದಾಗ
ನಮ್ಮಲ್ಲಿ ಯಾವ ದೇವತೆಯ ಹೆಸರಿಗೂ ಬರೆಯಲಿಲ್ಲ.
ತೂಕದ ಪೀರ್‌ಸಾಬರ ಸಂಬಳಕ್ಕೆ ಬರೆದರು.

ಮೂರನೆಯದರ ಮುಚ್ಚಳ ತೆಗೆದದ್ದೇ ತಡ
ನುಂಕಪ್ಪ ಕುರ್ಚಿ ಹಿಂದಕ್ಕೆಳೆದ: "ಟ್ರಾನ್ಸ್‌ಫಾರ್ಮರ್ ಸುಟ್ಟೈತೆ!"
ಮೇಷ್ಟ್ರು: "ಅಲ್ಲ, ಟಿಂಚರು. ಸರ್ಕಾರಿ ಆಸ್ಪತ್ರೆ."
ನಾನು ಅಂಗೈಗೆ ನಾಲ್ಕು ಹನಿ ಬಿಟ್ಟು ತಿಕ್ಕಿದೆ.
ಹೊಗೆ. ಒದ್ದೆ ಹಗ್ಗ.
ನಾನು ಕಾಣದ ಯಾವುದೋ ಸಮುದ್ರದ ಉಪ್ಪು.
ಅದರ ಕೆಳಗೆ ಇನ್ನೊಂದು, ಗೊತ್ತಿರುವಂಥದೇ,
ಹೆಸರು ಮಾತ್ರ ಬಾರದು.
ನೀರು ಬೆರೆಸಿದೆ. ಕಣ್ಣು ಮುಚ್ಚಿದೆ. ಇಲ್ಲ.
ಮೊದಲ ಸಲ ಮೂಗು ನನ್ನ ಕೈಬಿಟ್ಟಿತು.

ತಟ್ಟೆ ಇಡಲು ಬಂದ ಬೋರಮ್ಮ
ನನ್ನ ಅಂಗೈ ಹಿಡಿದೆತ್ತಿ ಮೂಸಿದಳು.
ಕುಡಿಯುವವಳಲ್ಲ, ಆ ಸೀಸೆ ಮುಟ್ಟುವವಳೂ ಅಲ್ಲ.
"ಮಿಲ್ಲಿನ ಬಾಯ್ಲರು ಕಣ್ರೀ" ಅಂದಳು.
"ನೆಂದ ಶೇಂಗಾ ಸಿಪ್ಪೆ ಉರಿಸ್ತಿದ್ರಲ್ಲ, ಮಳೆ ಬಂದ ದಿನ.
ನಿಮ್ಮ ಅಂಗಿ ಒಗೆದೋಳು ನಾನಲ್ವಾ?"

ಮೇಷ್ಟ್ರು ಏನೋ ಹೇಳಲು ಹೋಗಿ
ಒಂದು ಹಿಡಿ ಶೇಂಗಾ ಬಾಯಿಗೆ ಹಾಕಿಕೊಂಡರು.

ಮೂವರದು ಮೂರು ಆಯ್ಕೆ. ಲೋಡು ಇಳಿಯಲಿಲ್ಲ.
ಬರುವ ತಿಂಗಳು ಮತ್ತೆ ದುರ್ಗಕ್ಕೆ ಹೋಗಬೇಕು,
ಬಸ್ ಚಾರ್ಜು ನುಂಕಪ್ಪನದು.

ಮೂರನೆಯ ಸೀಸೆಯಲ್ಲಿ ಎರಡು ಬೆರಳಷ್ಟು ಉಳಿದದ್ದು
ಅಡಿಗೆಮನೆಯಲ್ಲಿ, ಎಣ್ಣೆ ಡಬ್ಬಿಯ ಪಕ್ಕ ಇದೆ.
ಯಾಕೋ ಆಗಾಗ
ಮುಚ್ಚಳ ಸಡಿಲವಾಗಿರುತ್ತೆ.
ಮಟ್ಟ ಇಳಿದಿಲ್ಲ.