ಐವತ್ತು ಓಮ್

ತೊಂಬತ್ತಮೂರರ ಚಳಿ. ಸಮುದ್ರ ಹೆಪ್ಪುಗಟ್ಟಿ ದೋಣಿ ನಿಂತಾಗ
ಮಂಜುಗಡ್ಡೆಯ ಮೇಲೇ ವ್ಯಾನು ಓಡಿಸಿಕೊಂಡು
ಸಾರೆಮಾ ದ್ವೀಪದ ನಮ್ಮ ಶಾಲೆಗೆ ತಂದರು
ಆರು ಕಂಪ್ಯೂಟರು.
ಫಿನ್‌ಲೆಂಡಿನ ಯಾವುದೋ ವಿಮೆ ಕಚೇರಿ
ಸಾಕೆಂದು ಬಿಟ್ಟದ್ದು. ಒಂದರ ಕೀಲಿಮಣೆ ಕೊಡವಿದರೆ
ಯಾರೋ ತಿಂದ ಬಿಸ್ಕತ್ತಿನ ಪುಡಿ.

ಎಂಡೆಲ್ ಮೇಷ್ಟ್ರು ಕಪ್ಪು ಕೇಬಲ್ಲಿಗೆ
ಒಂದೊಂದನ್ನೇ ಪೋಣಿಸಿದರು,
ಹೊಗೆಗೆ ಕಟ್ಟುವ ಮೀನಿನ ಹಾಗೆ.
"ಎರಡೂ ತುದಿಗೆ ಟೋಪಿ ಬೇಕು," ಅಂದರು.
"ತುದಿ ಬೋಳಾದರೆ ಹೋದ ಮಾತು
ಗೋಡೆಗೆ ಬಡಿದ ಚೆಂಡಾಗಿ ವಾಪಸು ಬಂದು
ಹೊರಟ ಮಾತಿನ ಹಲ್ಲು ಮುರಿಯುತ್ತದೆ.
ಕೊನೆಯಲ್ಲೊಬ್ಬರು ಇರಬೇಕು,
ಕೇಳಿ ಸುಮ್ಮನಾಗುವವರು."

ಪೆಟ್ಟಿಗೆಯಲ್ಲಿದ್ದದ್ದು ಒಂದೇ ಟೋಪಿ.
ಇನ್ನೊಂದಕ್ಕೆ ತಮ್ಮ ಅಮ್ಮನ ರೇಡಿಯೋ ಬಿಚ್ಚಿ
ನೂರು ಓಮಿನ ಎರಡು ರೆಸಿಸ್ಟರು ಅಕ್ಕಪಕ್ಕ ಬೆಸೆದರು.
ನೂರೂ ನೂರೂ ಸೇರಿ ಐವತ್ತಾಗುವ ಲೆಕ್ಕ
ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆಯಿಲ್ಲ.
ಬೆಸುಗೆ ನಿಲ್ಲಲಿಲ್ಲ. "ಮಾರೆಟ್, ನಿನ್ನ ಬೆರಳು ಸಣ್ಣ,
ನೀನು ಹಿಡಿದುಕೋ." ಹಿಡಿದೆ.
ಹದಿಮೂರರ ಹುಡುಗಿ, ಜಾಲದ ಕಟ್ಟಕಡೆ.

ಹೊರಗಿನ ದಾರಿ ಟೆಲಿಫೋನು. ಮೋಡೆಮ್ಮು
ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿತು,
ಕಿರುಚುತ್ತಲೇ ಸತ್ತಿತು. ಮತ್ತೊಮ್ಮೆ. ಮತ್ತೊಮ್ಮೆ.
ಎಕ್ಸ್‌ಚೇಂಜಿನಲ್ಲಿ ಸಾಲ್ಮೆ
ಲೈನು ಕೆಟ್ಟಿತೆಂದು ಪಿನ್ನು ಕೀಳುತ್ತಿದ್ದಳು.
ಇಪ್ಪತ್ತಾರು ವರ್ಷ ಊರಿನ ಮಾತೆಲ್ಲ
ಅವಳ ಕಿವಿ ದಾಟಿಯೇ ಹೋಗಿತ್ತು;
ದಾಟುವಾಗ ಎಷ್ಟು ಅಲ್ಲೇ ಉಳಿಯಿತೋ,
ಎಷ್ಟು ಕಾಗದಕ್ಕಿಳಿದು ಯಾವ ಬಾಗಿಲು ಸೇರಿತೋ,
ದ್ವೀಪಕ್ಕೆ ಬರಲೂ ಪರವಾನಗಿ ಬೇಕಿದ್ದ ಕಾಲ,
ಯಾರೂ ಕೇಳಿರಲಿಲ್ಲ. ಅವಳು ಅಂಗಡಿಗೆ ಬಂದರೆ
ನಮ್ಮಜ್ಜಿ ಬ್ರೆಡ್ಡಿನ ಬೆಲೆ ಬಿಟ್ಟು ಬೇರೇನೂ ಆಡುತ್ತಿರಲಿಲ್ಲ.

ಮೇಷ್ಟ್ರು ಕೋಟೂ ಹಾಕದೆ ಅಲ್ಲಿಗೆ ಓಡಿದರು.
ಏನು ಹೇಳಿದರೋ. ಅವಳು ಕೇಳಿದ್ದು ಇಷ್ಟಂತೆ:
"ಅದು ಮಾತಾ?"
"ಮಾತು."
"ನನಗೊಂದಕ್ಷರವೂ ತಿಳಿಯುತ್ತಿಲ್ಲವಲ್ಲ!"
ಅದು ದೂರೋ, ಏನೋ ಇಳಿದ ಹಗುರವೋ,
ಮೇಷ್ಟ್ರಿಗೆ ಗೊತ್ತಾಗಲಿಲ್ಲವಂತೆ.

ನಾಲ್ಕನೇ ಸಲ ಬೆಕ್ಕು ಕಿರುಚಿ, ಗುರುಗುಟ್ಟಿ, ಮಲಗಿತು.
ಪರದೆಗೆ ಅಕ್ಷರ ಬಂದವು,
ಎಳೆ ಮಂಜುಗಡ್ಡೆಯ ಮೇಲೆ ಕಾಲಿಟ್ಟು ನೋಡುವವನ ಹಾಗೆ
ಒಂದು, ನಿಂತು, ಇನ್ನೊಂದು.
ನಾರ್ವೆಯ ಯಾವುದೋ ದ್ವೀಪ, ಯಾವುದೋ ಶಾಲೆ:
"ನಿಮ್ಮಲ್ಲೀಗ ಗಂಟೆ ಎಷ್ಟು?"

ಎಲ್ಲರೂ ಗೋಡೆ ನೋಡಿದೆವು. ಗಡಿಯಾರ ನಿಂತು ವರ್ಷವಾಗಿತ್ತು.
ಮೇಷ್ಟ್ರ ವಾಚನ್ನು ಯಾರೂ ನಂಬುತ್ತಿರಲಿಲ್ಲ, ಮೇಷ್ಟ್ರೂ.
ಗಂಟೆ ಬೇಕಾದರೆ ಫೋನೆತ್ತಿ ಸಾಲ್ಮೆಯನ್ನು ಕೇಳುವುದು
ಊರಿನ ರೂಢಿ; ಫೋನೋ
ಬೆಕ್ಕಿನ ಬಾಯಲ್ಲಿ.
"ನಾನು ಓಡುತ್ತೇನೆ," ಅಂದೆ,
ಕೈಬಿಟ್ಟೆ.
ಐದು ಪರದೆ ಕಲ್ಲಾದವು.

ಹಿಂದಿನಿಂದ ಕೂಗಿದ್ದು ನನಗೆ ಕೇಳಿಸಲಿಲ್ಲ.
ಎಕ್ಸ್‌ಚೇಂಜಿನಲ್ಲಿ ಸಾಲ್ಮೆ
ಹೆಡ್‌ಫೋನನ್ನು ಕಿವಿಯಿಂದ ಕೊರಳಿಗಿಳಿಸಿ
ಬೂದು ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು.
ಹಲಗೆಯಲ್ಲಿ ನಮ್ಮ ಶಾಲೆಯ ಪಿನ್ನು ನೆಟ್ಟಗಿತ್ತು.
ಕೇಳಿದೆ. "ಆರು ಹತ್ತು," ಅಂದಳು.
"ಇನ್ನೂ ಮಾತಾಡುತ್ತಿದ್ದಾರಾ?"
"ಹೂಂ."
"ಆಡಲಿ," ಅಂದು ಇನ್ನೊಂದು ಸುತ್ತು ಹೆಣೆದಳು.

ಬೆರಳಲ್ಲಿ ಬೆಸುಗೆಯ ವಾಸನೆ.
ಹಿಮದಲ್ಲಿ ವಾಪಸು ಓಡಿದೆ, ಆರು ಹತ್ತನ್ನು
ಚೆಲ್ಲದ ಹಾಗೆ ಬಾಯಲ್ಲಿ ಹಿಡಿದುಕೊಂಡು.
ನಾನು ಮುಟ್ಟುವಷ್ಟರಲ್ಲಿ ಅದು
ಆರು ಹದಿನೈದಾಗಿತ್ತು.