ಬಲಗಡೆಯ ಸೀಟು

ಹಿಂದಿನ ಸೀಟಿನ ಕೆಳಗೆ, ಜಾಕಿಯ ಪಕ್ಕ,
ಯಾರೋ ಮರೆತುಹೋದ ನಕ್ಷೆ.
ಬಾನೆಟ್ಟಿನ ಮೇಲೆ ಬಿಡಿಸಿ ಹರಡಿದೆ:
ತ ಇದ್ದ ಹಾಗೆ ಒಂದು, ರ ಇದ್ದ ಹಾಗೆ ಇನ್ನೊಂದು,
ತಲೆಕಟ್ಟಿಲ್ಲದ ಎಂಥದೋ ಗುಂಡು ಗುಂಡು.
ಯಾರೋ ಎಡಗೈಯಲ್ಲಿ ಬರೆದ ಕನ್ನಡ ಅಂದುಕೊಂಡು
ಎರಡು ದಿನ ಓದಲು ನೋಡಿದೆ.
ಸಂತೆಗೆ ಬಂದ ಜೋಯಪ್ಪ ಮಾಷ್ಟ್ರು ಕನ್ನಡಕ ಏರಿಸಿ
‘ಜಾರ್ಜಿಯಾ ಮಾರಾಯ, ರಷ್ಯಾದ ಕೆಳಗೆ’ ಅಂದರು.

ಹದಿನೆಂಟು ವರ್ಷ ಮಾಂದಲಪಟ್ಟಿಗೆ ಜೀಪು ಹತ್ತಿಸಿದವನು ನಾನು.
ಬೆನ್ನ ಹಿಂದೆ ಐದೈದು ಜನ, ದಿನಕ್ಕೆ ಮೂರು ಸಲ,
ಕೂಗು, ವಾಂತಿ, ಚಿಪ್ಸು, ಹೊಸ ಮದುವೆಯ ಬಳೆಸದ್ದು.
ಮೇಲೆ ಹೋದರೆ ಮಂಜು.
‘ಏನೂ ಕಾಣಲ್ವಲ್ಲ ಡ್ರೈವರ್, ದುಡ್ಡು ವಾಪಸ್ ಕೊಡಿ.’
ಕೊಟ್ಟಿದ್ದೇನೆ ಕೂಡ, ಒಂದೆರಡು ಸಲ,
ಮಂಜು ನನ್ನ ಮನೆಯದೇ ಅನ್ನುವಂತೆ ನಾಚಿಕೊಂಡು.

ಅವರ ಫೋಟೋಗಳಲ್ಲಿ ನಾನಿಲ್ಲ.
ಇದ್ದರೂ ಮೂಲೆಯಲ್ಲಿ ಒಂದು ಬೆರಳು, ಮಬ್ಬಾಗಿ.

ಪಾಸ್‌ಪೋರ್ಟಿಗೆಂದು ಮಡಿಕೇರಿಯ ಸ್ಟುಡಿಯೋದಲ್ಲಿ ಕೂತಾಗ
ಹುಡುಗ ಹೇಳಿದ: ನಗಬೇಡಿ. ಕಿವಿ ಎರಡೂ ಕಾಣಬೇಕು.
ಸರ್‌ನೇಮ್ ಎಂದು ಕೇಳಿದಲ್ಲಿ ಮನೆ ಹೆಸರು ತುಂಬಿದೆ, ಹೊಸಗದ್ದೆ.
ಆ ಗದ್ದೆಯ ಮೇಲೆ ಈಗ ಹೋಂಸ್ಟೇಯ ಪಾರ್ಕಿಂಗು;
ಹೆಸರು ಮಾತ್ರ ವಿದೇಶಕ್ಕೆ ಹೊರಟಿದೆ.
ವಿಚಾರಣೆಗೆ ಬಂದ ಪೊಲೀಸು ಗೊತ್ತಿದ್ದವನೇ.
ಕಾಫಿ ಕುಡಿದು, ಎರಡು ಕಿತ್ತಳೆ ಕಿತ್ತು ಜೇಬಿಗಿಟ್ಟು ಕೇಳಿದ:
‘ಪೂವಯ್ಯಣ್ಣ, ಒಬ್ರೇನಾ? ಮನೇಲಿ ಏನಾದ್ರೂ ತೊಂದ್ರೆಯಾ?’

ತೊಂದರೆ ಏನಿಲ್ಲ.
ದಮಯಂತಿಯನ್ನು ಕರೆದೇ ಇದ್ದೆ.
‘ಬೆಟ್ಟ ನೋಡೋಕೆ ಬೆಟ್ಟ ಇಳಿದು ಹೋಗೋರ ಜೊತೆ
ನಾನು ಬರಲ್ಲ. ಹಂದಿ ಮರಿ ಹಾಕೋ ತಿಂಗಳು.’
ನನ್ನ ಎದೆಯಲ್ಲಿ ಆಗ ಏನೋ ಹಗುರಾದದ್ದು
ಅವಳಿಗೆ ಕಂಡಿತೋ ಏನೋ, ಸಂಜೆ ಅವಳೇ
ಪಾಸ್‌ಬುಕ್ಕು ತಂದು ಮುಂದಿಟ್ಟು
ಕಣಿಲೆ ಉಪ್ಪಿನಕಾಯಿ ವಿಮಾನದಲ್ಲಿ ಬಿಡ್ತಾರಾ ಅಂತ ಕೇಳಿದಳು.

ಚೆಕ್‌ಪೋಸ್ಟಿನ ರಸೀದಿಗಳ ಬೆನ್ನಿನಲ್ಲಿ ಬರೆದಿಡುತ್ತಿದ್ದೇನೆ:
ಮೊದಲ ದಿನ ಏನೂ ಮಾಡಬಾರದು.
(ಇದನ್ನು ಎರಡು ರಸೀದಿಯಲ್ಲಿ ಬರೆದಿದ್ದೇನೆ.)
ಎರಡನೇ ದಿನ ಬಸ್ಸು, ಕಿಟಕಿ ಪಕ್ಕ.
ಆಮೇಲೆ ಕಾಜ್ಬೆಗಿ. ಗುಡ್ಡದ ನೆತ್ತಿಗೊಂದು ಇಗರ್ಜಿ ಇದೆಯಂತೆ,
ಅಲ್ಲಿಗೆ ಗಾಡಿ ಹತ್ತಿಸುತ್ತಾರಂತೆ,
ಅದಕ್ಕೂ ಒಬ್ಬ ಡ್ರೈವರ್ ಇರಬೇಕಲ್ಲ,
ಟೈರಿನ ಸಾಲ, ಸೊಂಟದ ನೋವು ಇರುವವನು.
ಅವನ ಹತ್ತಿರ ಚೌಕಾಸಿ ಮಾಡಬೇಕೋ ಬೇಡವೋ
ಇನ್ನೂ ತೀರ್ಮಾನವಾಗಿಲ್ಲ.
ಮಾಡದಿದ್ದರೆ ಅನುಮಾನ ಬಂದೀತು.
ಮಂಜು ಮುಚ್ಚಿದರೆ ಮಾತ್ರ
ದುಡ್ಡು ವಾಪಸ್ ಕೇಳುವವನಲ್ಲ.
ಮಂಜನ್ನೇ ನೋಡಿ, ‘ಮದ್ಲೋಬ’ ಎಂದು ಇಳಿಯುತ್ತೇನೆ.
ಅವರ ಭಾಷೆಯಲ್ಲಿ ಉಪಕಾರವಾಯಿತು ಅಂತ.
ಗೇರು ಬದಲಿಸುವಾಗೆಲ್ಲ ಬಾಯಿಗೆ ರೂಢಿ ಮಾಡುತ್ತೇನೆ.
ಹಿಂದೆ ಕೂತವರು, ಕಂದಕ ನೋಡಿ,
ಮಂತ್ರ ಅಂದುಕೊಳ್ಳುತ್ತಾರೆ.

ಒಂದು ವಿಷಯ: ಅಲ್ಲಿ ಸ್ಟೇರಿಂಗು ಎಡಕ್ಕೆ.
ಅಂದರೆ ಡ್ರೈವರಿನ ಪಕ್ಕದಲ್ಲಿ ಕೂತರೆ
ನಾನು ಕೂರುವುದು ಬಲಗಡೆ,
ಹದಿನೆಂಟು ವರ್ಷದಿಂದ ಕೂತಲ್ಲೇ.
ಎದುರಿಗೆ ಚಕ್ರ ಇರುವುದಿಲ್ಲ, ಅಷ್ಟೆ.

ರಾತ್ರಿ ಶೆಡ್ಡಿನಲ್ಲಿ ಅಭ್ಯಾಸ ಮಾಡುತ್ತೇನೆ.
ಎಂಜಿನ್ ಆಫ್. ಕೈ ಎರಡೂ ತೊಡೆಯ ಮೇಲೆ.
ಕಣ್ಣು ಮುಚ್ಚಿ ತಿರುವುಗಳನ್ನು ಬರಗೊಡುತ್ತೇನೆ,
ಮೊದಲು ಗೊತ್ತಿದ್ದವು, ಆಮೇಲೆ ಗೊತ್ತಿಲ್ಲದವು.
ಕೈ ಸುಮ್ಮನಿರುವುದನ್ನು ಕಲಿತಿದೆ.
ಜಗಲಿಯಿಂದ ದಮಯಂತಿ ಕೂಗುತ್ತಾಳೆ:
‘ಹಿಂದೆ ಕೆಂಪು ಲೈಟು ಹತ್ತುತ್ತಾ ಆರುತ್ತಾ ಇದೆ,
ಕಾಲು ತೆಗೀರಿ, ಬ್ಯಾಟರಿ ಇಳಿಯುತ್ತೆ,
ಊಟಕ್ಕೆ ಬನ್ನಿ.’