ಒಮ್ಮೆಗೆ ಮೂರೇ ಮಂದಿ

ಕಡೂರಿನ ಕಾಲೇಜಿನಲ್ಲಿ ಹದಿನೆಂಟು ವರ್ಷ
ಪುಸ್ತಕದ ಬೆನ್ನು ಒರೆಸಿದ ಕೈ ಇದು.
ಈಗ ಹೊಸ ಕೆಲಸ, ಬಾಗಿಲಲ್ಲಿ ಕೂತು
ಪಾಸ್‌ವರ್ಡ್ ಬರೆದ ಚೀಟಿ ಹಂಚುವುದು.

ಬೀರುವಿನ ಬೀಗ ಎಣ್ಣೆ ಕಾಣದೆ ಮುನಿದಿದೆ.
ದಂಡದ ರಿಜಿಸ್ಟರು, ದಿನಕ್ಕೊಂದು ರೂಪಾಯಿಯದು,
ಮಾರ್ಚಿನಿಂದ ಬರಿದು.
ಇದಕ್ಕೆ ದಂಡವಿಲ್ಲ ಎಂದರು ಮೇಡಂ,
ಹದಿನಾಲ್ಕನೆಯ ರಾತ್ರಿ ಹನ್ನೆರಡಕ್ಕೆ ಸರಿಯಾಗಿ
ತಾನೇ ಎದ್ದು ಹೋಗುತ್ತದಂತೆ.
ಎಂಥ ಮರ್ಯಾದಸ್ಥ ನೆಂಟ ಎಂದೆ.
ಅವರು ನಗಲಿಲ್ಲ. ನ್ಯಾಕ್‌ನವರು ಬರುವ ವಾರ ಅದು.

ತೀರ್ಥೇಶ, ಶಿವನಿ ಕಡೆಯ ಹುಡುಗ,
ಬೆಳಗಿನ ಪ್ಯಾಸೆಂಜರಿನಲ್ಲಿ ನಿಂತೇ ಓದುವವನು,
ಒಂದು ಸೋಮವಾರ ಬಂದು ಕೇಳಿದ:
“ಅಣ್ಣ, ಮೈಯಿಲ್ಲದ ಪುಸ್ತಕಕ್ಕೂ ಸಾಲು ಇರ್ತದಾ?”
ಒಡೆದ ಗಾಜಿನ ಕೆಳಗೆ ಸಣ್ಣ ಅಕ್ಷರ:
ಒಮ್ಮೆಗೆ ಮೂರೇ ಮಂದಿ.
ನೀವು ನಾಲ್ಕನೆಯವರು. ಕಾಯಿರಿ.

ಅದೇ ಅರ್ಥಶಾಸ್ತ್ರ ಕಾಗದದಲ್ಲಿ ಐದು ಪ್ರತಿ ಇತ್ತು.
ಒಂದರ ಹಾಳೆ ಯಾರೋ ಕಿತ್ತಿದ್ದರು,
ಇನ್ನೊಂದಕ್ಕೆ ನಾನೇ ಮೈದಾಹಿಟ್ಟು ಕಾಸಿ
ಬೆನ್ನು ಕಟ್ಟಿದ್ದೆ. ಆದರೂ ಸಾಲದೆ
ಎಡಪುಟ ನಿನಗೆ ಬಲಪುಟ ನನಗೆ ಎಂದು
ಒಂದೇ ಬೆಂಚಲ್ಲಿ ಭುಜ ಹಚ್ಚಿ ಓದುತ್ತಿದ್ದರು.

ಆ ಮೂವರು ಯಾರೆಂದು ಹುಡುಕಿದೆವು.
ಒಬ್ಬಳು ಫಿರ್ದೋಸ್, ಸಖರಾಯಪಟ್ಟಣದ ಬಸ್ಸಿನಲ್ಲಿ.
ಒಬ್ಬ, ತೆರೆದಿಟ್ಟು ಕಬಡ್ಡಿಗೆ ಹೋದವನು.
ಮೂರನೆಯವನು, ಹೇಳಲೋ ಬೇಡವೋ,
ನಾನೇ.

ಕಸ ಗುಡಿಸಿದ ಮೇಲೆ ಮೇಡಂ ಕಂಪ್ಯೂಟರಿನಲ್ಲಿ
ಒಳಗೇನಿದೆ ನೋಡೋಣ ಅಂತ ಒತ್ತಿದ್ದೆ.
ಹದಿನೆಂಟು ವರ್ಷ ಹೊತ್ತವನು, ಒಂದನ್ನೂ ಓದಿದವನಲ್ಲ.
ಇಲ್ಲಿ ಒತ್ತಿದಷ್ಟೂ ಅಕ್ಷರ ಉಬ್ಬಿ
ಅವರೆಕಾಳಿನಷ್ಟಾಯಿತು, ಕನ್ನಡಕ ಬೇಡ.
ಹನ್ನೊಂದನೆಯ ಪುಟದವರೆಗೆ ಹೋಗಿಬಿಟ್ಟೆ.
ಮುಚ್ಚುವುದು ಮಾತ್ರ ಗೊತ್ತಾಗಲಿಲ್ಲ.

ತೀರ್ಥೇಶ ಒಂದು ಬೆರಳಲ್ಲಿ ಮುಚ್ಚಿದ.
ಯಾರಿಗೂ ಹೇಳಲ್ಲ ಬಿಡಣ್ಣ ಎಂದ.

ಅಂದಿನಿಂದ ನಾನೂ ಸಾಲಿನಲ್ಲಿದ್ದೇನೆ.
ಐದೂವರೆಗೆ, ಹುಡುಗರೆಲ್ಲ ಸ್ಟೇಷನ್ನಿಗೆ ಓಡಿದಾಗ
ನನ್ನ ಸರದಿ ಬರುತ್ತದೆ.
ಬೀಗಕ್ಕೆ ಎಣ್ಣೆ ಬಿಟ್ಟೆ. ಹರಿದ ಪ್ರತಿ ಹೊರಗೆ ತೆಗೆದೆ.
ಇಲ್ಲದ ಹಾಳೆ ನೂರಾ ಹನ್ನೊಂದು, ನೂರಾ ಹನ್ನೆರಡು,
ಪರದೆಯಲ್ಲಿ ಅದು ಇತ್ತು,
ಏನೂ ಆಗದವರಂತೆ ನಿಂತಿತ್ತು.
ನೋಡಿ ನೋಡಿ ಬರೆದೆ, ಬಲಕ್ಕೆ ವಾಲುವ ನನ್ನ ಅಕ್ಷರದಲ್ಲಿ,
ಮೈದಾ ಕಾಸಿ ಅಂಟಿಸಿದೆ.

ಈಗ ಶಿವನಿಯ ಗಾಡಿಯಲ್ಲಿ,
ಸಿಗ್ನಲ್ ಸತ್ತಲ್ಲಿ, ಅದನ್ನೇ ಓದುತ್ತಾನಂತೆ.
ನಿನ್ನೆ ಹಿಂತಿರುಗಿಸುವಾಗ, ಎರಡು ದಿನ ತಡವಾಗಿ,
ಎರಡು ರೂಪಾಯಿ ಮೇಜಿನ ಮೇಲಿಟ್ಟು ಹೇಳಿದ:
“ನೂರಾ ಹನ್ನೆರಡರಲ್ಲಿ ಒಂದು ಒತ್ತು ಬಿಟ್ಟಿದೀಯ ಅಣ್ಣ.
ಪೆನ್ಸಿಲ್ಲಲ್ಲಿ ಹಾಕಿದೀನಿ.”